ನೆರೆ

ಹೋಲಿಹೆಡ್ಡಿನಾಚೆ, ಕಾರು ನಿಲ್ಲಿಸುವ ಬಯಲಿನ ತುದಿಗೆ
ಕಿಟಕಿಯಿಲ್ಲದ ಕಟ್ಟಡ ಒಂದು.
ಸಮುದ್ರ ನೋಡಲು ಬಂದವರು ಶೌಚಾಲಯವೆಂದು ತಿಳಿದು
ಬಾಗಿಲು ಜಗ್ಗುತ್ತಾರೆ.
ಒಳಗೆ ನಾನಿರುತ್ತೇನೆ.

ನನ್ನ ಕುರ್ಚಿಯ ಕೆಳಗಿಂದ, ಮರಳಿನಡಿ ನುಸುಳಿ
ಐರ್ಲೆಂಡಿಗೆ ಹೋಗುತ್ತದೆ ಮಣಿಕಟ್ಟಿನ ದಪ್ಪದ ಹಗ್ಗ.
ಟಾರು ಸುಲಿದು, ಉಕ್ಕು ಬಿಚ್ಚಿ, ತಾಮ್ರ ಸೀಳಿದರೆ
ನಲವತ್ತೆಂಟು ಕೂದಲೆಳೆ ಗಾಜು.
ಅದರೊಳಗೆ ಬೆಳಕು,
ಬೆಳಕಿನೊಳಗೆ ಯಾರದೋ ಸಾಲದ ಅರ್ಜಿ, ಯಾರದೋ ಮುದ್ದು,
ಎರಡು ದಡದ ಜಗಳ.

ನನ್ನ ಕೆಲಸ ಬರೆದಿಡುವುದು:
ಎಷ್ಟು ಕಳಿಸಿದೆವು, ಎಷ್ಟು ತಲುಪಿತು.
ಹೋಗಿ ಬರಲು ಒಂದು ಮಿಲಿಸೆಕೆಂಡು, ಮೇಲೆ ಚಿಲ್ಲರೆ.
ಹಡಗಿನಲ್ಲಾದರೆ ಮೂರೂಕಾಲು ಗಂಟೆ,
ವಾಂತಿ ಬೇರೆ.

ಆ ತುದಿಯವಳ ಹೆಸರು ನೂಲಾ.
ನಮ್ಮಲ್ಲಿ ನೂಲು ಅಂದರೆ ಏನೆಂದು ಹೇಳಿದ ದಿನ
ಲೈನಿನ ಉದ್ದಕ್ಕೂ ನಕ್ಕಿದ್ದಳು.
ಹನ್ನೊಂದು ವರ್ಷ, ರಾತ್ರಿ ಎರಡಕ್ಕೆ ಪರೀಕ್ಷೆ:
"ಕೇಳಿಸ್ತಿದೆಯಾ?"
"ಕೇಳಿಸ್ತಿದೆ. ಇಲ್ಲಿ ಗಾಳಿ."
"ನಮ್ಮದೇ ಅದು. ಬಳಸಿ ಕಳಿಸಿದ್ದು."
ಮುಖ ನೋಡಿಲ್ಲ. ನೋಡಬೇಕೆಂದು ಇಬ್ಬರೂ ಹೇಳಿಲ್ಲ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಲು ಹೋಗಿ ಸೋತಿದ್ದೇನೆ.
ನಮ್ಮಲ್ಲಿ ನೆರೆ ಅಂದರೆ ಪಕ್ಕದ ಮನೆ.
ನೆರೆ ಅಂದರೆ ಉಕ್ಕಿ ಬಂದ ನೀರು.
"ಒಂದೇ ಪದವಾ? ಹಾಗಾದರೆ ಗೊತ್ತಾಗೋದು ಹೇಗೆ,
ಬಂದದ್ದು ಯಾವುದು ಅಂತ?"
ಉತ್ತರ ಹುಡುಕುವಷ್ಟರಲ್ಲಿ ಪರೀಕ್ಷೆಯ ವೇಳೆ ಮುಗಿಯಿತು.

ನವೆಂಬರಿನ ಒಂದು ಮಂಗಳವಾರ
ಗ್ರಾಫಿನ ಗೆರೆ, ಕಟ್ಟೆಯಿಲ್ಲದ ಬಾವಿಗೆ ಕೊಡ ಬಿದ್ದ ಹಾಗೆ,
ಬಿತ್ತು. ಸದ್ದಿಲ್ಲ.
ಒಂದು ಚಿಟಿಕೆ ಬೆಳಕು ಕಳಿಸಿದೆ. ಮುರಿದ ಬಾಯಿಗೆ ಬಡಿದು
ಅದರ ಚೂರು ಮರಳಿ ಬಂತು. ಲೆಕ್ಕ ಹಾಕಿದೆ:
ಮೂವತ್ತೇಳು ಕಿಲೋಮೀಟರು, ಇನ್ನೂರು ಮೀಟರು.
ಅಷ್ಟರಲ್ಲಿ ಮಾತೆಲ್ಲ ತಾನಾಗಿ ದಾರಿ ಬದಲಿಸಿ
ಸ್ಕಾಟ್ಲೆಂಡಿನ ಸುತ್ತು ಹಿಡಿದಿತ್ತು.
ನೂಲಾ ಬಂದಳು, ಹದಿನಾಲ್ಕು ಮಿಲಿಸೆಕೆಂಡು ತಡವಾಗಿ.
ಇದು ಕಿವಿಗೆ ತಿಳಿಯದು ಎನ್ನುತ್ತದೆ ಕೈಪಿಡಿ.
ನನಗೆ ತಿಳಿಯಿತು. ಅವಳ ನಗು
ನನ್ನ ಮಾತಿನ ಬಾಲ ತುಳಿಯುತ್ತಿತ್ತು.

ಮೂರನೆಯ ದಿನ ಯಾರೋ ಬಾಗಿಲು ಜಗ್ಗಿದರು.
ಶೌಚಾಲಯವಲ್ಲ, ಎಂದೆ.
"ಗೊತ್ತು," ಎಂದ ಇದ್ವಾಲ್, ಚಿಪ್ಪುಮೀನಿನ ದೋಣಿಯವನು,
ಒದ್ದೆ ಟೋಪಿ ಕೈಯಲ್ಲಿ ಹಿಂಡುತ್ತ.
"ಬಲೆಗೆ ಸಿಕ್ಕಿತು. ಹಳೆಯದು, ಸತ್ತದ್ದು ಅಂದುಕೊಂಡೆ. ಕಡಿದೆ."
ಚಹಾ ಕೊಟ್ಟೆ. ಕುಡಿಯಲಿಲ್ಲ.
"ಯಾರದಾದರೂ ಮಾತು ಅರ್ಧಕ್ಕೆ ನಿಂತಿತಾ?"
ಇಲ್ಲ, ಎಲ್ಲ ಬೇರೆ ದಾರಿಯಲ್ಲಿ ಹೋಯಿತು, ಯಾರಿಗೂ ಗೊತ್ತೇ ಆಗಲಿಲ್ಲ, ಎಂದೆ.
ಅವನಿಗೆ ಸಮಾಧಾನವಾಯಿತೋ, ಬೇಸರವಾಯಿತೋ.
ಟೋಪಿ ಹಾಕಿಕೊಂಡು ಹೋದ.

ಗಾಳಿ ಬಿಡಲಿಲ್ಲ. ಒಂಬತ್ತು ದಿನ ಕಾದು ಬಂತು ರಿಪೇರಿ ಹಡಗು.
ಕೊಕ್ಕೆ ಹಾಕಿ ಎರಡೂ ತುದಿ ಮೇಲೆತ್ತಿದರೆ
ಒಂದಕ್ಕೊಂದು ಎಟುಕುವುದಿಲ್ಲ.
ತಳದಲ್ಲಿ ಮಲಗಿದ್ದಾಗ ಸಾಕಾಗಿದ್ದ ಉದ್ದ
ಅಲೆಯ ಮೇಲೆ ಸಾಲದು.
ನಡುವೆ ಮುನ್ನೂರು ಮೀಟರು ಹೊಸ ಹಗ್ಗ ಕೂಡಿಸಿ,
ಉಸಿರು ಬಿಗಿಹಿಡಿದು ಎಳೆಗೆ ಎಳೆ ಬೆಸೆದು,
ಮತ್ತೆ ಕೆಳಗಿಳಿಸಿದರು.

ಬೆಸುಗೆಯಾದಲ್ಲಿ ಗೆರೆಯಲ್ಲೊಂದು ಸಣ್ಣ ಮೆಟ್ಟಿಲು,
ಇನ್ನು ಅದು ಹೋಗುವುದಿಲ್ಲ.
ಪುಸ್ತಕದಲ್ಲಿ ಹಳೆಯ ಅಂಕಿ ಹೊಡೆದು ಹೊಸದು ಬರೆದೆ.

ರಾತ್ರಿ ಎರಡು.
"ಕೇಳಿಸ್ತಿದೆಯಾ?"
"ಕೇಳಿಸ್ತಿದೆ. ನೂಲಾ, ನಾವೀಗ ಮುಂಚಿಗಿಂತ
ಮೂರು ಮೈಕ್ರೋಸೆಕೆಂಡು ದೂರ."
ಆ ಕಡೆ ಕುರ್ಚಿ ಕಿರುಗುಟ್ಟಿತು.
"ಇರಲಿ ಬಿಡು," ಎಂದಳು. "ಕಾಯ್ತೀನಿ."