ನಲವತ್ತು ಮೀಟರ್

ಲುಬುಂಬಾಶಿಯ ಆ ಬೀದಿ ಅಗಲವೇನಲ್ಲ.
ಈ ಬದಿಯಿಂದ ಕೂಗಿದರೆ
ಆ ಬದಿಯ ಕಾವಲುಗಾರ ಟೋಪಿ ಎತ್ತುತ್ತಾನೆ.
ನಡುವೆ ಎರಡು ಜಕರಂದಾ, ಒಂದು ಒಡೆದ ಚರಂಡಿ,
ಇದ್ದಿಲು ಮಾರುವ ಮಾಮಾ ಫೇಜಾಳ ಮೂರು ಮೂಟೆ.

ಈ ಬದಿಗೆ ಲಾರಿ ಕಂಪನಿ,
ಆ ಬದಿಗೆ ಅದರ ಬ್ಯಾಂಕು.
ಇದಕ್ಕೆ ಇಂಟರ್‌ನೆಟ್ ಕೊಟ್ಟವರು ಒಬ್ಬರು,
ಅದಕ್ಕೆ ಕೊಟ್ಟವರು ಇನ್ನೊಬ್ಬರು.
ಅವರಿಬ್ಬರಿಗೆ ಮಾತಿಲ್ಲ.

ಹಾಗಾಗಿ
'ಡೀಸೆಲ್ಲಿಗೆ ಇಷ್ಟು ಕೊಡಿ' ಎಂಬ ಒಂದು ಸಾಲು
ಬೀದಿ ದಾಟಬೇಕಾದರೆ
ಕಸುಂಬಲೆಸದ ಗಡಿಯಲ್ಲಿ ಮೂರು ದಿನದಿಂದ ನಿಂತ
ತಾಮ್ರದ ಲಾರಿಗಳ ಪಕ್ಕದಲ್ಲೇ
ಕಾಗದ ತೋರಿಸದೆ ನುಸುಳಿ,
ಜಾಂಬಿಯಾ ಇಳಿದು, ಲಿಂಪೊಪೊ ದಾಟಿ,
ಖಂಡದ ತುದಿಯಲ್ಲಿ ಉಪ್ಪುನೀರಿಗೆ ಬಿದ್ದು
ಆಫ್ರಿಕಾದ ಪಡುವಣ ಪಕ್ಕೆಯುದ್ದಕ್ಕೂ ಸವರಿಕೊಂಡು
ಲಂಡನ್ನಿನ ತಣ್ಣನೆ ಕೋಣೆಯೊಂದನ್ನು ಮುಟ್ಟಿ,
ಅಲ್ಲಿ ಒಂದು ಪೆಟ್ಟಿಗೆಯಿಂದ ಪಕ್ಕದ ಪೆಟ್ಟಿಗೆಗೆ
ಗೇಣುದ್ದ ಜರುಗಿ
(ಆ ಒಂದು ಗೇಣಿಗಾಗಿಯೇ ಅಷ್ಟು ದೂರ)
ಬಂದ ದಾರಿಯಲ್ಲೇ ಮರಳಬೇಕು.

ಕೊಂಕಣ ಸುತ್ತಿ ಮೈಲಾರ.
ಗಾದೆ ಇಲ್ಲಿಯವರಿಗೆ ಗೊತ್ತಿಲ್ಲ, ಬಿಲ್ಲು ಗೊತ್ತು:
ತಿಂಗಳ ಕೊನೆಗೆ, ಡಾಲರಿನಲ್ಲಿ,
ಹೋದದ್ದಕ್ಕೊಂದು, ಬಂದದ್ದಕ್ಕೊಂದು.

ಮುಜಿಂಗಾ ನಕ್ಷೆ ಬಿಡಿಸಿ ಯಜಮಾನನ ಮುಂದಿಟ್ಟಿದ್ದಳು.
ಬೆನ್ನೆಲುಬು ಇದೆ ಸಾರ್, ಪಕ್ಕೆಲುಬೇ ಇಲ್ಲ.
ಎದುರಿನವರಿಗೆ ಒಂದು ತಂತಿ ಕೊಡೋಣ,
ನಮ್ಮದನ್ನು ಅವರು ಹೊರಲಿ, ಅವರದನ್ನು ನಾವು.
ಆತ ಕನ್ನಡಕ ಒರೆಸಿಕೊಂಡ:
ಅವರು ನಮ್ಮ ಅರ್ಧವೂ ಇಲ್ಲ,
ಪುಕ್ಕಟೆ ಯಾಕಮ್ಮ ಹೊರಬೇಕು?

ಪುಕ್ಕಟೆಯಲ್ಲ, ಮುಯ್ಯಿ.
ಅವಳ ಅಜ್ಜಿಯ ಊರಿನಲ್ಲಿ
ಇವತ್ತು ನಿನ್ನ ಜೋಳಕ್ಕೆ ನನ್ನ ಗುದ್ದಲಿ,
ನಾಳೆ ನನ್ನ ಜೋಳಕ್ಕೆ ನಿನ್ನದು.
ಯಾರ ಹೊಲ ದೊಡ್ಡದೆಂದು
ಯಾವ ಮುಯ್ಯಾಳೂ ಹಗ್ಗ ಹಿಡಿದು ಅಳೆಯಲಿಲ್ಲ.
ಇದನ್ನು ಅವಳು ಹೇಳಲಿಲ್ಲ. ನಕ್ಷೆ ಸುತ್ತಿಕೊಂಡು ಬಂದಳು.

ಜನವರಿ. ಬಿಡದ ಮಳೆ.
ಈ ಸೀಮೆಯಲ್ಲೇ ಹುಟ್ಟುವ ಲುವಾಲಬಾ
ಈ ಸೀಮೆಯದೇ ಕೆಂಪು ಮಣ್ಣು ಹೊತ್ತು
ಮುಂದೆ ಹೆಸರು ಬದಲಿಸಿ ಕಾಂಗೊ ಆಗಿ
ಕಡಲಡಿಯ ಕಂದರಕ್ಕೆ ಜಾರಿತು.
ಒಂದು ಶುಕ್ರವಾರ, ಕೇಬಲ್ಲು ಕಡಿಯಿತು.
ನಮ್ಮ ಮಣ್ಣೇ, ಎಂದಳು ಮುಜಿಂಗಾ,
ನಮ್ಮ ಬಾಯಿಗೆ.

ಮೂವತ್ತೊಂದು ಲಾರಿ, ಒಣಗಿದ ಟ್ಯಾಂಕು.
ಮ್ಯಾನೇಜರು ಕಿಟಕಿಯಿಂದ ಬ್ಯಾಂಕಿಗೇ ಮೊತ್ತ ಕೂಗಿದ.
ಆ ಬದಿಯವರಿಗೆ ಸ್ಪಷ್ಟವಾಗಿ ಕೇಳಿಸಿತು.
ಕೇಳಿಸಿದ್ದಕ್ಕೆಲ್ಲ ಹಣ ಕೊಡುವುದು ಬ್ಯಾಂಕಲ್ಲ.

ರಾತ್ರಿ ಒಂಬತ್ತಕ್ಕೆ ಕರೆಂಟೂ ಹೋಯಿತು.
ಪೇಂಟರನ ಏಣಿ ಎರವಲು ತಂದು
ಮುಜಿಂಗಾ ಲಾರಿ ಕಂಪನಿಯ ಮಾಳಿಗೆ ಹತ್ತಿದಳು.
ಬ್ಯಾಂಕಿನ ಮಾಳಿಗೆಯಲ್ಲಿ ಟಾರ್ಚು ಕಚ್ಚಿಕೊಂಡು
ಎದುರು ಕಂಪನಿಯ ಕ್ಯುಂಗು.
ನಾಲ್ಕು ವರ್ಷದಿಂದ ಮೇಲ್‌ನಲ್ಲಿ ಜಗಳ,
ಪ್ರತಿ ಬೈಗುಳವೂ ಲಂಡನ್ನಿಗೆ ಹೋಗಿ ಬಂದದ್ದು.
ಓ, ನೀನಾ? ಎಂದ. ಇಷ್ಟು ಗಿಡ್ಡನಾ? ಎಂದಳು.

ಕಲ್ಲು ಕಟ್ಟಿದ ದಾರ ಆ ಕಡೆ ಹಾರಿತು.
ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ
ಹಳದಿ ಫೈಬರ್, ನಲವತ್ತು ಮೀಟರ್.
ಕೆಳಗಿನಿಂದ ಮಾಮಾ ಫೇಜಾ:
ಅದರಲ್ಲಿ ಏನು ಹೋಗುತ್ತೆ?
ಬೆಳಕು, ಮಾಮಾ.
ಹಾಗಿದ್ರೆ ನನ್ನ ಅಂಗಡಿ ಮೇಲೆ ಒಂದು ತೂತು ಬಿಡಿ.

ಮುನ್ನೂರ ಅರವತ್ತು ಮಿಲಿಸೆಕೆಂಡಿನ ಜಾಗದಲ್ಲಿ
ಪರದೆಯ ಮೇಲೆ ಒಂದೂ ಇರಲಿಲ್ಲ.
ಕ್ಯುಂಗು ಮತ್ತೆ ಮತ್ತೆ ಒತ್ತಿ ನೋಡಿದ,
ಏನೋ ತಪ್ಪಾಗಿದೆ ಎಂಬವನಂತೆ.

ಸೋಮವಾರ ಇಬ್ಬರು ಯಜಮಾನರೂ ತಲೆಯೆತ್ತಿ ನೋಡಿದರು,
ಯಾರ ಅಪ್ಪಣೆ ಎಂದು ಗುಡುಗಿದರು,
ಊಟದ ಹೊತ್ತಿಗೆ ಲೆಕ್ಕ ನೋಡಿ ಸುಮ್ಮನಾದರು.
ಹಡಗು ಬಂತು, ಕಡಲ ಕೇಬಲ್ಲು ಕೂಡಿತು.
ವಕೀಲರ ಹನ್ನೊಂದು ಪುಟದ ಕರಾರಿಗೆ
ಇನ್ನೂ ರುಜು ಬಿದ್ದಿಲ್ಲ.

ಬಿಸಿಲಿಗೆ ತಂತಿ ಒಂದು ಮೊಳ ಜೋತಿದೆ.
ಎತ್ತರದ ಲಾರಿ ಬಂದಾಗಲೆಲ್ಲ
ಇದ್ದಿಲ ಕೈಯಲ್ಲಿ ಕವೆಗೋಲು ಹಿಡಿದು
ಮಾಮಾ ಫೇಜಾ ಎದ್ದು ಬಂದು
ಅದನ್ನು ಮೇಲಕ್ಕೆತ್ತಿ ನಿಲ್ಲುತ್ತಾಳೆ,
ಡ್ರೈವರನನ್ನು ಬೈಯುತ್ತಾ.