ಐದನೆಯ ಹೆಸರು

ಶಾಲು ಮುಗಿದವು. ಹಾರ ಮುಗಿದವು.
ಬೆಂಗಳೂರಿನಿಂದ ಬಂದ ದೊಡ್ಡವರು ಮೈಕಿನಲ್ಲಿ
ಇಪ್ಪತ್ತಾರು ವರ್ಷ ಎಂದರು, ಪ್ರಶಸ್ತಿ ಎಂದರು,
ದಕ್ಷ ಆಡಳಿತ ಎಂದರು ಮೂರು ಸಲ.
ತಾಯಮ್ಮ ಮೇಡಂ ಕುರ್ಚಿಯ ತುದಿಗೆ ಕೂತು
ಎಂದಿನಂತೆ ಗಡಿಯಾರ ನೋಡಿದರು, ಆಮೇಲೆ ನನ್ನನ್ನು.

ನಾನು ಮಾಬಮ್ಮ. ಗಂಟೆ ಹೊಡೆಯುವವಳು.
ಸ್ಟೇಷನ್ ರಸ್ತೆಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ
ರೈಲು ಹಳಿಯ ತುಂಡೇ ಗಂಟೆ.
ರಾಯಚೂರಿನ ಮೇ ತಿಂಗಳಲ್ಲಿ ಮುಟ್ಟಿದರೆ ಬೊಬ್ಬೆ.

ಆ ವರ್ಷ ಸುತ್ತೋಲೆ ಬಂದಿತ್ತು:
ಐದು ಮಂದಿ ಇಲ್ಲದಿದ್ದರೆ ಆ ವಿಷಯ ಬಂದ್.
ತರ್ಕಶಾಸ್ತ್ರಕ್ಕೆ ನಾಲ್ಕೇ ಹುಡುಗಿಯರು:
ದೇವಸೂಗೂರಿನಿಂದ ದುಪಟ್ಟಾಕ್ಕೆ ಬೂದಿ ಹತ್ತಿಸಿಕೊಂಡು ಬರುವವಳು,
ಹತ್ತಿ ಮಿಲ್ಲಿನ ಗುಮಾಸ್ತನ ಮಗಳು,
ಜಗಳಕ್ಕೆ ಮಾತ್ರ ತೆಲುಗು ಬಳಸುವವಳು,
ಇನ್ನೊಬ್ಬಳಿಗೆ ಮದುವೆ ಗೊತ್ತಾಗಿತ್ತು.

ಕಮಿಟಿಯವರು ಚಹಾದಲ್ಲಿ ಬಿಸ್ಕತ್ತು ಅದ್ದಿ ಹೇಳಿದರು:
"ಕಾಮರ್ಸಿಗೇ ರೂಮು ಸಾಲವಲ್ದು ಮೇಡಂ.
ತರ್ಕ ಕಲ್ತು ಹುಡುಗ್ಯಾರು ಏನ್ ಮಾಡ್ತಾರ?"
"ಇಂಥಾ ಪ್ರಶ್ನೆಗೆ ಉತ್ತರ ಕೊಡ್ತಾರ," ಅಂದರು ಮೇಡಂ.
ಕಪ್ಪು ಎತ್ತುತ್ತಿದ್ದ ನಾನು ನಕ್ಕೆ. ಕೇಳಿಸಿತೇನೋ.

ಸಂಜೆ ಕರೆದರು.
"ಮಾಬಮ್ಮ, ನೀ ಪಿಯುಸಿ ಪಾಸಾದಾಕಿ ಅಲ್ಲೇನು?"
"ಹದಿನೆಂಟು ವರ್ಷ ಆತ್ರಿ."
"ಮಾರ್ಕ್ಸ್ ಕಾರ್ಡ್ ಎಲ್ಲೈತಿ?"
"ಜ್ವಾಳದ ಡಬ್ಬಿ ತಳಕ್ಕ ಹಾಸೀನ್ರಿ."
"ಝಾಡಿಸ್ಕೊಂಡು ತಗೊಂಡು ಬಾ."

ಫೀಸು ಅವರೇ ಕಟ್ಟಿದರೆಂದು ಊರು ಹೇಳುತ್ತದೆ. ಸುಳ್ಳು.
ನನ್ನ ಪಗಾರದಲ್ಲೇ ತಿಂಗಳಿಗೆ ಐವತ್ತು ಹಿಡಿದರು.
"ಪುಗಸಟ್ಟೆ ಸಿಕ್ಕಿದ್ದರ ಮ್ಯಾಲೆ
ಯಾರೂ ಹಕ್ಕಿನ ಮಾತಾಡಂಗಿಲ್ಲ" ಅಂತ.
ಸಿಟ್ಟು ಬಂದಿತ್ತು. ಈಗಲೂ ಸ್ವಲ್ಪ ಇದೆ.

ಗಂಟೆ ಹೊಡೆದು, ಸುತ್ತಿಗೆ ಕಿಟಕಿಯಲ್ಲಿಟ್ಟು
ಓಡಿ ಹೋಗಿ ಕೂರುತ್ತಿದ್ದೆ ಕೊನೆಯ ಬೆಂಚಿಗೆ.
ಪಿರಿಯಡ್ಡು ಮುಗಿಯಬೇಕೆಂದರೆ ನಾನೇ ಏಳಬೇಕು.
ಒಂದು ದಿನ
'ಎಲ್ಲ ಮನುಷ್ಯರು' ಎಂಬಲ್ಲಿಯ 'ಎಲ್ಲ'
ನಿಜಕ್ಕೂ ಎಷ್ಟು ಜನ ಎಂದು
ಐವರೂ ಹಿಡಿದು ಜಗ್ಗಾಡಿ
ಗಂಟೆ ಮರೆತೆ.
ಇಡೀ ಕಾಲೇಜು ಇಪ್ಪತ್ತು ನಿಮಿಷ ಹೆಚ್ಚು ಓದಿತು.

ಮೇಡಂ ವರಾಂಡಕ್ಕೆ ಬಂದು ನಿಂತರು.
ಬೈಯಲಿಲ್ಲ. ಒಳಗೂ ಬರಲಿಲ್ಲ.
ಕಿಟಕಿಯ ಸುತ್ತಿಗೆ ಎತ್ತಿಕೊಂಡು
ತಾವೇ ಹೋಗಿ ಹೊಡೆದರು. ಅಭ್ಯಾಸವಿಲ್ಲದ ಕೈ,
ಒಂದು ಏಟು ಸರಿ, ಒಂದು ಸೊಟ್ಟ.

ಇವತ್ತಿನ ಭಾಷಣಗಳಲ್ಲಿ ಹೊಸ ಕಟ್ಟಡ ಇತ್ತು,
ಬೋರ್‌ವೆಲ್ ಇತ್ತು, ಆ ಸೊಟ್ಟ ಸದ್ದು ಇರಲಿಲ್ಲ.

ಗೇಟಿನ ತನಕ ಹೋದೆ.
"ಮೇಡಂ, ಈ ವರ್ಷ ತರ್ಕಕ್ಕೆ ಮೂರೇ ಹೆಸರು."
ಆಟೋದವನಿಗೆ ನಿಲ್ಲೆಂದು ಕೈ ಮಾಡಿ
ಕನ್ನಡಕ ಒರೆಸುತ್ತ ಕೇಳಿದರು:
"ರಿಟೈರ್ ಆದವರು ಸೇರಬಾರದು ಅಂತ
ಸುತ್ತೋಲೆಯೊಳಗ ಎಲ್ಲ್ಯಾರ ಐತೇನು?"

ರಾತ್ರಿ ಎರಡು ಸಲ ಓದಿದೆ. ಇಲ್ಲ.
ನಾಲ್ಕಾಯಿತು.
ಐದನೆಯದಕ್ಕೆ ಕ್ಯಾಂಟೀನಿನ ಈರಮ್ಮನ ಮೇಲೆ ಕಣ್ಣಿಟ್ಟಿದ್ದೇನೆ.
ಎರಡನೇ ಸಲಕ್ಕೆ ಪಿಯುಸಿ ಪಾಸು,
ಹತ್ತು ರೂಪಾಯಿ ಬಾಕಿಗೂ ಸಾಕ್ಷಿ ಕೇಳುತ್ತಾಳೆ.