ಜರಡಿ

ದಾವಣಗೆರೆ ಇನ್ನೂ ಮಲಗಿರುವಾಗ
ಭಟ್ಟಿಯ ಮರಳು ಕಾಯಿಸಲು ಏಳುವವರು ನಾವು,
ನಾನೂ ಚಮನಸಾಬರೂ,
ಒಂದೇ ಬೆಂಕಿಯ ಎರಡು ಬದಿ.
ಹೊಟ್ಟು ಒಡ್ಡುವವರು ಅವರು, ಜರಡಿ ಹಿಡಿಯುವವಳು ನಾನು.
ಮಾತು ಮಾತ್ರ
ಹನ್ನೊಂದು ತಿಂಗಳಿಂದ ಮುಬೀನಾಳ ಬಾಯಲ್ಲಿ.

"ನಿನ್ನ ಅಬ್ಬಾಗೆ ಹೇಳು, ಮನೇಲಿ ಅಕ್ಕಿ ಮುಗಿದಿದೆ."
"ನಿನ್ನ ಅಮ್ಮಿಗೆ ಹೇಳು, ನನಗೂ ಕಣ್ಣಿದೆ."
ಇಬ್ಬರಿಗೂ ಮೂರು ಮೊಳ ದೂರ,
ನಡುವೆ ಒಂಬತ್ತು ವರ್ಷದ ಅಂಚೆಯಾಳು.

ಕೇಳದೆ ಅಡವಿಟ್ಟದ್ದು ಎರಡು ಬಳೆ, ಅಷ್ಟೇ.
ಅಷ್ಟೇ ಅಂತ ಈಗ ಅನ್ನುತ್ತೇನೆ.
ಅವತ್ತು ತಂಗಿಯ ಮದುವೆಯಲ್ಲಿ
ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉಂಡಿದ್ದೆ.

ಹುಡುಗಿಗೆ ಹೊಟ್ಟೆನೋವು ಶುರುವಾದದ್ದು ರಂಜಾನ್ ಮುಗಿದ ಮೇಲೆ.
ಓಮದ ನೀರು, ದರ್ಗಾದ ತಾಯತ, ಹಳೇಪೇಟೆಯ ಡಾಕ್ಟರು, ಸ್ಕ್ಯಾನಿಂಗು.
ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಬರೆದುಕೊಟ್ಟರು.
ಉಗುರು ಮಾತ್ರ ರಕ್ತ ಬರುವಷ್ಟು ಕಚ್ಚುತ್ತಾಳೆ,
ಶಾಲೆಯಲ್ಲಿ ಹೆಸರು ಕೂಗಿದರೆ ಹಾಜರಿ ಹೇಳುವುದಿಲ್ಲ.

ದೊಡ್ಡಾಸ್ಪತ್ರೆ, ಮಹಡಿಯ ಮೂಲೆಯ ಕೋಣೆ.
ಮೇಡಮ್ಮು ಔಷಧಿ ಬರೆಯಲಿಲ್ಲ.
"ಅಮ್ಮಿ ಅಂದದ್ದನ್ನ ಅಬ್ಬಾಗೆ ಹೆಂಗೆ ಹೇಳ್ತೀ, ತೋರಿಸು ಪುಟ್ಟಿ."

ತೋರಿಸಿದಳು.
"ಬೇಕಾದರೆ ಉಣ್ಣಲಿ, ಇಲ್ಲದಿದ್ದರೆ ಸಾಯಲಿ" ಅಂತ ನಾನಂದದ್ದು
ಅವಳ ಬಾಯಲ್ಲಿ,
"ಅಬ್ಬಾ, ಅಮ್ಮಿ ಊಟಕ್ಕೆ ಕಾಯ್ತಿದಾಳೆ."
"ಅವಳ ಅಪ್ಪನ ಮನೆಯಿಂದ ತರಲಿ" ಅಂತ ಅವರಂದದ್ದು,
"ನಾಳೆ ತರ್ತಾರಂತೆ ಅಮ್ಮಿ."

ಹನ್ನೊಂದು ತಿಂಗಳು
ನಾವು ಸುರಿದದ್ದೆಲ್ಲ ಕಾದ ಮರಳು.
ಮಂಡಕ್ಕಿಯನ್ನು ಅತ್ತ ಇತ್ತ ಹಂಚಿ
ಮರಳನ್ನು ಎಲ್ಲಿಟ್ಟುಕೊಂಡಳು ಇವಳು?

ಚಮನಸಾಬರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.
"ಒಂದು ವಾರ," ಅಂದರು ಮೇಡಮ್ಮು,
"ಮಗಳ ಕೈಲಿ ಒಂದು ಮಾತೂ ಕಳಿಸಬೇಡಿ.
ಬೈಯೋದಾದರೂ ನೇರ ಬೈಕೊಳ್ಳಿ."

ಮೊದಲ ದಿನ ಉಪ್ಪು ಕೇಳಲಾರದೆ ಸಪ್ಪೆ ಸಾರು ಉಂಡೆದ್ದರು.
ಎರಡನೇ ದಿನ ಎರಡು ಸಲ ಕೆಮ್ಮಿದರು.
ಮೂರನೇ ನಸುಕು, ಹೊಗೆಯೊಳಗಿಂದ,
ಗೋಡೆಗೆ ಹೇಳಿದ ಹಾಗೆ:
"ಶಮೀಮ್, ಬಳೆ... ಕೇಳಬೇಕಿತ್ತು ನಿನ್ನ."

ಹೆಸರು ಹಿಡಿದು ಕರೆದು ಎಷ್ಟು ದಿನವಾಗಿತ್ತು!
ಆದರೂ ಮೊದಲು ಬಂದದ್ದು ಸಿಟ್ಟೇ.
ಬಂದಷ್ಟನ್ನೂ ಆಡಿದೆ, ತಂಗಿಯ ಮದುವೆ, ಸೆರಗು, ಎಲ್ಲ.
ಅವರೂ ಆಡಿದರು,
ಭಟ್ಟಿ ಮುಚ್ಚೀತೆಂಬ ಭಯ, ನನ್ನೆದುರು ಸೋಲಲಾರದ ನಾಚಿಕೆ.
ಒಂದು ಒಬ್ಬೆ ಪೂರಾ ಸೀದು ಕರಿಯಾಯಿತು.

ಬಾಗಿಲಲ್ಲಿ ಮುಬೀನಾ, ನಿದ್ದೆಗಣ್ಣು.
"ಯಾರಿಗೆ ಏನು ಹೇಳಲಿ?"
"ಯಾರಿಗೂ ಏನೂ ಬೇಡ. ಜಗಳ ಇನ್ನೂ ಇದೆ,
ನಾವೇ ಆಡ್ಕೊಳ್ತೀವಿ. ನೀ ಮಲಗು ಹೋಗು."

ನಂಬದೆ ಸ್ವಲ್ಪ ಹೊತ್ತು ನಿಂತಳು.
ಆಮೇಲೆ ಹೊಸ ಒಬ್ಬೆಯ ಬಿಸಿ ಮಂಡಕ್ಕಿ ಒಂದು ಹಿಡಿ ಎತ್ತಿಕೊಂಡು
ಊದುತ್ತ, ಊದುತ್ತ
ಒಳಗೆ ಹೋದಳು.